ನಿರ್ಮಾಣ ಸ್ಥಳಗಳಲ್ಲಿ ಸಂಚಾರಿ ಕ್ರೇನ್‌ಗಳ ಸುರಕ್ಷಿತ ಬಳಕೆ: ಕಟ್ಟಡ ಮಾಲೀಕರು, ಗುತ್ತಿಗೆದಾರರು ಹಾಗೂ ಕಾರ್ಮಿಕರ ಮಾಹಿತಿಗಾಗಿ

ಸ್ವಂತ ಮನೆ, ಗೋದಾಮು, ಕಲ್ಯಾಣ ಮಂಟಪ, ಶಾಲಾ ಕಟ್ಟಡ ಮುಂತಾದವುಗಳನ್ನು ಕಟ್ಟಿಸುವ ಸಾರ್ವಜನಿಕರು ಕಾಮಗಾರಿಯ ಒಂದಿಲ್ಲೊಂದು ಹಂತದಲ್ಲಿ ಕ್ರೇನನ್ನು ಬಾಡಿಗೆಗೆ ತರಿಸಬೇಕಾಗುತ್ತದೆ. ಛಾವಣಿಯ ಉಕ್ಕಿನ ಟ್ರಸ್ ಕೂರಿಸಲು, ಗ್ರಾನೈಟ್ ಕಲ್ಲು ಇಳಿಸಲು, ನೀರಿನ ಟ್ಯಾಂಕ್ ಅಥವಾ ಜನರೇಟರನ್ನು ಮಹಡಿಗೆ ಏರಿಸಲು, ಕೊಳವೆ ಬಾವಿಯ ಮೋಟಾರ್ ಮೇಲೆತ್ತಲು ಗಂಟೆಗಿಷ್ಟು ಎಂಬ ಲೆಕ್ಕದಲ್ಲಿ ಕ್ರೇನ್ ದೊರೆಯುತ್ತದೆ. ಕ್ರೇನ್ ಬಂದು ಹೋಗುವ ಆ ಎರಡು ಮೂರು ಗಂಟೆಗಳ ಅವಧಿಯಲ್ಲಿ ಯಾರ ಜವಾಬ್ದಾರಿ ಏನು, ಯಾವ ದಾಖಲೆಗಳನ್ನು ಕೇಳಬೇಕು, ಯಾವ ಸಂದರ್ಭದಲ್ಲಿ ಕೆಲಸ ನಿಲ್ಲಿಸಬೇಕು ಎಂಬ ಬಗ್ಗೆ ಹೆಚ್ಚಿನವರಿಗೆ ಮಾಹಿತಿ ಇರುವುದಿಲ್ಲ. ಆ ಕಾರಣ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ. ಗೋಪುರ ಕ್ರೇನ್ ಹಾಗೂ ಕಾರ್ಖಾನೆಗಳ ಒಳಗಿನ ಹಳಿ ಕ್ರೇನ್‌ಗಳು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಕಾನೂನಿನ ಹಿನ್ನೆಲೆ

ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಅಧಿನಿಯಮ, 1996 ಮತ್ತು ಅದರಡಿ ರಚಿತವಾದ 1998ರ ಕೇಂದ್ರ ನಿಯಮಗಳು ಹಾಗೂ 2006ರ ಕರ್ನಾಟಕ ನಿಯಮಗಳು ಈ ಕ್ಷೇತ್ರದ ಮೂಲ ಕಾನೂನುಗಳಾಗಿದ್ದವು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿದ್ದು, ಸಂಹಿತೆಗೆ ವ್ಯತಿರಿಕ್ತವಲ್ಲದಷ್ಟರ ಮಟ್ಟಿಗೆ ಹಿಂದಿನ ನಿಯಮಗಳನ್ನು ಉಳಿಸಿಕೊಳ್ಳಲು ಸಂಹಿತೆಯಲ್ಲಿಯೇ ಅವಕಾಶ ಕಲ್ಪಿಸಲಾಗಿದೆ. ಸ್ವಂತ ವಾಸಕ್ಕಾಗಿ ಕಟ್ಟಿಸುವ, ಒಟ್ಟು ವೆಚ್ಚ 50 ಲಕ್ಷ ರೂಪಾಯಿ ಮೀರದ ಮನೆ ಕಾಮಗಾರಿಯು ನಿರ್ಮಾಣ ಕೆಲಸವೆಂಬ ವ್ಯಾಖ್ಯೆಯಿಂದ ಹೊರಗಿದೆ. ಇದನ್ನು ತಿಳಿದ ಕೆಲವರು ಸುರಕ್ಷತೆಯ ನಿಯಮಗಳು ತಮಗೆ ಅನ್ವಯಿಸುವುದಿಲ್ಲವೆಂದು ಭಾವಿಸುತ್ತಾರೆ. ಕ್ರೇನ್ ಉರುಳುವುದಕ್ಕೂ ಕಾಮಗಾರಿಯ ಅಂದಾಜು ವೆಚ್ಚಕ್ಕೂ ಸಂಬಂಧವಿಲ್ಲ. ಅಲ್ಲದೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಲ್ಲಿ ಪೊಲೀಸ್ ಪ್ರಕರಣವು ಮನೆಯ ಮಾಲೀಕನನ್ನೂ ಒಳಗೊಳ್ಳಬಹುದು.

ಕ್ರೇನ್‌ನ ಸಾಮರ್ಥ್ಯ ಎಂದರೇನು

"14 ಟನ್ ಕ್ರೇನ್" ಎಂದು ಬಾಡಿಗೆಗೆ ತಂದ ಯಂತ್ರವು ಎಲ್ಲ ಸ್ಥಿತಿಯಲ್ಲಿಯೂ 14 ಟನ್ ಎತ್ತುತ್ತದೆ ಎಂಬುದು ಅತಿ ಸಾಮಾನ್ಯವಾದ ತಪ್ಪು ಕಲ್ಪನೆ. ಸದರಿ ಸಂಖ್ಯೆಯು ತೋಳು ಅತ್ಯಂತ ಗಿಡ್ಡವಾಗಿದ್ದು, ಭಾರವು ಯಂತ್ರಕ್ಕೆ ಅತ್ಯಂತ ಸಮೀಪದಲ್ಲಿದ್ದಾಗ ಮಾತ್ರ ಅನ್ವಯಿಸುತ್ತದೆ. ಯಂತ್ರದ ತಿರುಗು ಕೇಂದ್ರದಿಂದ ಕೊಕ್ಕೆಯವರೆಗಿನ ಅಡ್ಡ ಅಂತರಕ್ಕೆ ತ್ರಿಜ್ಯ ಎನ್ನುತ್ತಾರೆ. ತ್ರಿಜ್ಯ ಹೆಚ್ಚಿದಂತೆ ಎತ್ತಬಹುದಾದ ಭಾರವು ತೀವ್ರವಾಗಿ ಕುಸಿಯುತ್ತದೆ. ತಕ್ಕಡಿಯ ದಂಡವನ್ನು ಉದ್ದ ಮಾಡಿದಂತೆ, ಅದೇ ಭಾರವು ದೂರ ಸರಿದಷ್ಟೂ ಕ್ರೇನನ್ನು ಮುಂದಕ್ಕೆ ಬಾಗಿಸುವ ಬಲ ಹೆಚ್ಚುತ್ತದೆ. ಚಾಚಿದ ತೋಳಿನ ಸ್ವಂತ ತೂಕವೂ ಅದಕ್ಕೆ ಸೇರಿಕೊಳ್ಳುತ್ತದೆ. ಆದುದರಿಂದ ತ್ರಿಜ್ಯ ದುಪ್ಪಟ್ಟಾದರೆ ಸಾಮರ್ಥ್ಯ ಅರ್ಧಕ್ಕಿಂತಲೂ ಕೆಳಗಿಳಿಯುವುದು ಸಹಜ. ತೋಳನ್ನು ಪೂರ್ಣ ಚಾಚಿದಾಗ 14 ಟನ್ ಎಂದು ಹೇಳಲಾದ ಯಂತ್ರದ ಸಾಮರ್ಥ್ಯ ಒಂದೆರಡು ಟನ್‌ಗೆ ಬರುವುದುಂಟು.

ಯಾವ ತೋಳಿನ ಉದ್ದಕ್ಕೆ, ಯಾವ ತ್ರಿಜ್ಯಕ್ಕೆ ಎಷ್ಟು ಭಾರ ಎಂಬುದನ್ನು ತಯಾರಕರು ಒಂದು ಕೋಷ್ಟಕದಲ್ಲಿ ಕೊಟ್ಟಿರುತ್ತಾರೆ. ಇದನ್ನು ಲೋಡ್ ಚಾರ್ಟ್ ಎನ್ನಲಾಗುತ್ತದೆ. ಅದು ಚಾಲಕನ ಕೋಣೆಯಲ್ಲಿ ಓದಲು ಬರುವ ಸ್ಥಿತಿಯಲ್ಲಿ ಇರತಕ್ಕದ್ದು. ಕೋಷ್ಟಕ ಎಲ್ಲಿದೆ ಎಂದು ಕೇಳಿದಾಗ ಚಾಲಕನು "ಎಲ್ಲಾ ತಲೆಯಲ್ಲಿದೆ" ಎಂದು ಉತ್ತರಿಸಿದಲ್ಲಿ ಆ ಕ್ರೇನನ್ನು ವಾಪಸು ಕಳುಹಿಸುವುದು ಮೇಲು. ಕೊಕ್ಕೆಯ ಕಟ್ಟು, ವೈರ್ ರೋಪ್, ಶ್ಯಾಕಲ್ ಮತ್ತು ಅಡ್ಡ ತೊಲೆ ಇವೆಲ್ಲವುಗಳ ತೂಕವನ್ನೂ ಭಾರದೊಂದಿಗೆ ಕೂಡಿಸಿಕೊಂಡೇ ಕೋಷ್ಟಕವನ್ನು ನೋಡಬೇಕು.

ಮಿತಿ ಮೀರಿದಾಗ ಎಚ್ಚರಿಸುವ ಸ್ವಯಂಚಾಲಿತ ಭಾರ ಸೂಚಕವನ್ನು, ತೋಳಿನ ಏರಿಳಿತದೊಂದಿಗೆ ಸಾಮರ್ಥ್ಯ ಬದಲಾಗುವ ಕ್ರೇನ್‌ಗಳಿಗೆ 1998ರ ಕೇಂದ್ರ ನಿಯಮಗಳು ಕಡ್ಡಾಯಗೊಳಿಸಿದ್ದವು. ಸೂಚಕದ ಗಂಟೆ ಪದೇ ಪದೇ ಬಾರಿಸುತ್ತದೆಂದು ಅದರ ತಂತಿಯನ್ನು ಕಳಚಿ ಕೆಲಸ ಮುಂದುವರಿಸುವುದು ಕೆಲವೆಡೆ ರೂಢಿಯಾಗಿದೆ. ಹಾಗೆ ಕಳಚಿದ ಯಂತ್ರದ ಲೋಡ್ ಚಾರ್ಟ್‌ನ ಪಾಲನೆಯನ್ನು ಪರಿಶೀಲಿಸಲು ಸ್ಥಳದಲ್ಲಿ ಬೇರಾವ ಸಾಧನವೂ ಉಳಿಯುವುದಿಲ್ಲ.

ಭಾರದ ಅಂದಾಜು

ಎತ್ತಬೇಕಾದ ವಸ್ತುವಿನ ತೂಕವನ್ನು ಕಣ್ಣಳತೆಯಿಂದ ನಿರ್ಧರಿಸಬಾರದು. ಲೆಕ್ಕ ಕಷ್ಟದ್ದಲ್ಲ. ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2,500 ಕಿಲೋಗ್ರಾಂ, ಗ್ರಾನೈಟ್ ಸುಮಾರು 2,700 ಕಿಲೋಗ್ರಾಂ, ಉಕ್ಕು 7,850 ಕಿಲೋಗ್ರಾಂ ತೂಗುತ್ತವೆ. 3 ಮೀಟರ್ ಉದ್ದ, 2 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹಲಗೆಯು 0.9 ಘನ ಮೀಟರ್ ಆಗಿ 2,250 ಕಿಲೋಗ್ರಾಂ ತೂಗುತ್ತದೆ. ಕಂಬಿಯ ತೂಕಕ್ಕೆ ಎಲ್ಲ ಮೇಸ್ತ್ರಿಗಳಿಗೂ ಗೊತ್ತಿರುವ ಸೂತ್ರವಿದೆ: ಮಿಲಿಮೀಟರಿನಲ್ಲಿ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಸಿಗುತ್ತದೆ. 16 ಮಿಲಿಮೀಟರ್ ಕಂಬಿ ಮೀಟರಿಗೆ 1.58 ಕಿಲೋಗ್ರಾಂ, 12 ಮೀಟರ್ ಉದ್ದದ ನೂರು ಕಂಬಿಗಳ ಕಟ್ಟು ಸುಮಾರು 1,900 ಕಿಲೋಗ್ರಾಂ. ದಾಸ್ತಾನಿನ ಬಿಲ್ಲಿನಲ್ಲಿ ತೂಕ ನಮೂದಾಗಿದ್ದಲ್ಲಿ ಅದನ್ನೇ ಬಳಸಬಹುದು. ಹಣ ಪಾವತಿಸುವಾಗ ಕಿಲೋ ಲೆಕ್ಕ ನೋಡುವ ನಾವು ಎತ್ತುವಾಗಲೂ ಅದೇ ಬಿಲ್ಲನ್ನು ನೋಡುವುದರಲ್ಲಿ ನಷ್ಟವೇನೂ ಇಲ್ಲ.

ಭಾರಕ್ಕೆ ಕಟ್ಟುವ ಸ್ಲಿಂಗ್‌ನ ಕೋನವೂ ಅಷ್ಟೇ ಮುಖ್ಯ. 2 ಟನ್ ಭಾರವನ್ನು ಎರಡು ಎಳೆಗಳಿಂದ ನೇರವಾಗಿ ತೂಗಿಸಿದಾಗ ಪ್ರತಿ ಎಳೆಯ ಮೇಲೆ 1 ಟನ್ ಬೀಳುತ್ತದೆ. ಎಳೆಗಳು ಅಡ್ಡರೇಖೆಯೊಂದಿಗೆ 60 ಡಿಗ್ರಿ ಕೋನದಲ್ಲಿದ್ದರೆ ತಲಾ 1.15 ಟನ್, 45 ಡಿಗ್ರಿಯಲ್ಲಿ 1.41 ಟನ್, 30 ಡಿಗ್ರಿಯಲ್ಲಿ ಪೂರ್ತಿ 2 ಟನ್ ಬೀಳುತ್ತದೆ. ಅಂದರೆ ಸ್ಲಿಂಗ್ ಗಿಡ್ಡವಾದಷ್ಟೂ ಕೋನ ಚಪ್ಪಟೆಯಾಗಿ, ಅದೇ ಭಾರಕ್ಕೆ ಎರಡು ಪಟ್ಟು ಬಲದ ಹಗ್ಗ ಬೇಕಾಗುತ್ತದೆ. 45 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಕಟ್ಟದಿರುವುದು ಒಳ್ಳೆಯದು. ಹರಿದ ಎಳೆಗಳಿರುವ ವೈರ್ ರೋಪ್, ಅಂಚು ಕತ್ತರಿಸಿದ ಬೆಲ್ಟ್, ಸುರಕ್ಷತಾ ನಾಲಿಗೆ ಮುರಿದ ಕೊಕ್ಕೆ, ಪಿನ್ನಿನ ಬದಲು ಬೋಲ್ಟ್ ಅಥವಾ ಕಂಬಿಯ ತುಂಡು ಹಾಕಿದ ಶ್ಯಾಕಲ್ ಇವುಗಳನ್ನು ಬಳಸಕೂಡದು. ಸುರಕ್ಷಿತ ಭಾರ ಎಷ್ಟೆಂದು ಗುರುತು ಹಾಕದ ಎತ್ತುವ ಸಲಕರಣೆಯನ್ನೂ ಬಳಸಕೂಡದು.

ಕ್ರೇನ್ ನಿಲ್ಲುವ ನೆಲ

ಯಂತ್ರ ಸುಸ್ಥಿತಿಯಲ್ಲಿದ್ದು, ಭಾರ ಮಿತಿಯೊಳಗಿದ್ದರೂ ನೆಲ ಕುಸಿದರೆ ಕ್ರೇನ್ ಉರುಳುತ್ತದೆ. ಲಾರಿ ಮೇಲಿನ ಕ್ರೇನ್‌ಗಳಲ್ಲಿ ನಾಲ್ಕು ಕಡೆ ಚಾಚುವ ಜಾಕ್‌ಗಳನ್ನು, ಅಂದರೆ ಔಟ್‌ರಿಗ್ಗರ್‌ಗಳನ್ನು ಪೂರ್ಣ ಚಾಚಿ, ಚಕ್ರಗಳು ನೆಲದಿಂದ ಮೇಲೇಳುವಂತೆ ಮಾಡಿ, ಯಂತ್ರವನ್ನು ಸಮತಲಕ್ಕೆ ತಂದ ನಂತರವೇ ಭಾರ ಎತ್ತಬೇಕು. ಒಂದು ಬದಿಯಲ್ಲಿ ಕಾಂಪೌಂಡ್ ಗೋಡೆ ಅಡ್ಡ ಬಂದಿದೆಯೆಂದು ಆ ಬದಿಯ ಜಾಕನ್ನು ಅರ್ಧ ಮಾತ್ರ ಚಾಚುವುದು ಅಪಾಯಕರ.

ತೋಳು ಒಂದು ಮೂಲೆಯತ್ತ ತಿರುಗಿದಾಗ ಯಂತ್ರ ಹಾಗೂ ಭಾರದ ಒಟ್ಟು ತೂಕದ ಬಹುಪಾಲು ಆ ಒಂದೇ ಜಾಕಿನ ಮೇಲೆ ಬೀಳುತ್ತದೆ. ಉದಾಹರಣೆಗೆ 20 ಟನ್ ತೂಕವು 40 ಸೆಂಟಿಮೀಟರ್ ಚೌಕದ ಜಾಕ್ ಪಾದದ ಮೇಲೆ ಬಿದ್ದರೆ ಪ್ರತಿ ಚದರ ಮೀಟರಿಗೆ 125 ಟನ್ ಒತ್ತಡವಾಗುತ್ತದೆ. ಅದರಡಿ 1.2 ಮೀಟರ್ ಚೌಕದ ಗಟ್ಟಿ ಮರದ ಅಥವಾ ಉಕ್ಕಿನ ಹಾಸು ಇಟ್ಟರೆ ಅದು ಸುಮಾರು 14 ಟನ್‌ಗೆ ಇಳಿಯುತ್ತದೆ. ಸ್ಥಳದಲ್ಲಿ ಸಿಕ್ಕ ಸೆಂಟ್ರಿಂಗ್ ಹಲಗೆ, ಇಟ್ಟಿಗೆ ಅಥವಾ ಸೈಜುಗಲ್ಲುಗಳನ್ನು ಪೇರಿಸಿ ಅದರ ಮೇಲೆ ಜಾಕ್ ಕೂರಿಸುವುದು ಹಾಸು ಎನಿಸಿಕೊಳ್ಳುವುದಿಲ್ಲ.

ನೆಲದಡಿ ಏನಿದೆ ಎಂಬುದು ಕ್ರೇನ್ ಚಾಲಕನಿಗೆ ಗೊತ್ತಿರುವುದಿಲ್ಲ. ಮನೆಯ ಮಾಲೀಕರಿಗೆ ಗೊತ್ತಿರುತ್ತದೆ. ಸಂಪು, ಶೌಚದ ಗುಂಡಿ, ಒಳಚರಂಡಿ ಚೇಂಬರ್, ಮುಚ್ಚಿದ ಹಳೆಯ ಬಾವಿ, ಕುಡಿಯುವ ನೀರಿನ ಕೊಳವೆ, ಪಾಯದ ಪಕ್ಕ ಇತ್ತೀಚೆಗೆ ತುಂಬಿದ ಮಣ್ಣು ಇವುಗಳ ಜಾಗವನ್ನು ಮಾಲೀಕರೇ ಮೊದಲು ತೋರಿಸತಕ್ಕದ್ದು. ಪಾಯ ಅಗೆದ ಹೊಂಡದ ಅಂಚಿನಿಂದ ಕನಿಷ್ಠ ಹೊಂಡದ ಆಳದಷ್ಟು ದೂರದಲ್ಲಿ ಜಾಕ್ ಇರಬೇಕು. ಮಣ್ಣು ಸಡಿಲವಾಗಿದ್ದಲ್ಲಿ ಇನ್ನೂ ಹೆಚ್ಚು. ವಿಜಯಪುರ, ಕಲಬುರಗಿ, ಗದಗ, ಧಾರವಾಡ ಮುಂತಾದ ಜಿಲ್ಲೆಗಳ ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಕಂಡರೂ ಒಂದು ಮಳೆ ಬಿದ್ದೊಡನೆ ಭಾರ ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ನಿನ್ನೆ ಇದೇ ಜಾಗದಲ್ಲಿ ನಿಂತು ಕೆಲಸ ಮಾಡಿತ್ತು ಎಂಬುದು ಮಳೆಯ ಮರುದಿನ ಆಧಾರವಾಗದು.

ಹೈಡ್ರಾ ಕ್ರೇನ್‌ಗಳ ಬಗ್ಗೆ ವಿಶೇಷ ಎಚ್ಚರಿಕೆ

ನಮ್ಮ ರಾಜ್ಯದ ಸಣ್ಣ ಮತ್ತು ಮಧ್ಯಮ ಕಾಮಗಾರಿಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಭಾರವನ್ನು ಎತ್ತಿಕೊಂಡೇ ಚಲಿಸುವ, ರಬ್ಬರ್ ಚಕ್ರಗಳ ಕ್ರೇನ್. ಒಂದು ಕಂಪನಿಯ ಮಾದರಿಯ ಹೆಸರಾದ ಹೈಡ್ರಾ ಎಂಬುದೇ ಎಲ್ಲ ತಯಾರಕರ ಇಂತಹ ಯಂತ್ರಗಳಿಗೂ ರೂಢಿನಾಮವಾಗಿದೆ. ಬಾಡಿಗೆ ಕಡಿಮೆ, ಇಕ್ಕಟ್ಟಾದ ಜಾಗದಲ್ಲೂ ನುಗ್ಗುತ್ತದೆ, ಜಾಕ್ ಇಡುವ ಕೆಲಸವಿಲ್ಲ. ಈ ಅನುಕೂಲಗಳೇ ಅದರ ಅಪಾಯಗಳೂ ಆಗಿವೆ.

ಮೊದಲನೆಯದಾಗಿ, ಈ ಯಂತ್ರದ ತೋಳು ಪಕ್ಕಕ್ಕೆ ತಿರುಗುವುದಿಲ್ಲ. ಯಂತ್ರದ ಮುಂಭಾಗವೇ ನಡುವಿನ ಕೀಲಿನಲ್ಲಿ ಎಡಕ್ಕೂ ಬಲಕ್ಕೂ ಮಡಚಿಕೊಳ್ಳುತ್ತದೆ. ಹಾಗೆ ಮಡಚಿದಾಗ ಭಾರವು ಹಿಂಬದಿಯ ತೂಕದ ನೇರದಿಂದ ಹೊರಗೆ ಹೋಗುವುದರಿಂದ ಸಾಮರ್ಥ್ಯ ಕುಗ್ಗುತ್ತದೆ. ನೇರವಾಗಿ ನಿಂತಾಗ ಸುಲಭವಾಗಿ ಎತ್ತಿದ ಭಾರದೊಂದಿಗೆ ತಿರುವಿನಲ್ಲಿ ಯಂತ್ರವು ಪಕ್ಕಕ್ಕೆ ಉರುಳಲು ಇದೇ ಕಾರಣ. ಒಂದು ಬದಿಯ ಚಕ್ರ ಗುಂಡಿಗಿಳಿದರೆ ಅಥವಾ ನೆಲ ಓರೆಯಾಗಿದ್ದರೆ ಅಪಾಯ ಇನ್ನೂ ಬೇಗ ಬರುತ್ತದೆ.

ಎರಡನೆಯದಾಗಿ, ಹಳೆಯ ಮಾದರಿಗಳಲ್ಲಿ ಚಾಲಕನು ಹಿಂಭಾಗದಲ್ಲಿ ಕುಳಿತಿದ್ದು, ತೋಳು ಹಾಗೂ ತೂಗುವ ಭಾರ ಅವನ ದೃಷ್ಟಿಗೆ ಅಡ್ಡವಾಗುತ್ತವೆ. ಇತ್ತೀಚಿನ ಕೆಲವು ಮಾದರಿಗಳಲ್ಲಿ ಚಾಲಕನ ಕೋಣೆಯನ್ನು ಮುಂದಕ್ಕೆ ತರಲಾಗಿದೆ; ಬಾಡಿಗೆಗೆ ಆಯ್ಕೆಯಿದ್ದಲ್ಲಿ ಅಂತಹುದನ್ನೇ ಕೇಳಬೇಕು. ಭಾರ ತೂಗಾಡದಂತೆ ಕಾರ್ಮಿಕನೊಬ್ಬ ಅದನ್ನು ಕೈಯಿಂದ ಹಿಡಿದುಕೊಂಡು ಕ್ರೇನ್‌ನ ಮುಂದೆ ಹಿಮ್ಮುಖವಾಗಿ ನಡೆಯುವ ದೃಶ್ಯ ಎಲ್ಲರೂ ಕಂಡಿರುವುದೇ. ಆತ ಎಡವಿ ಬಿದ್ದಲ್ಲಿ ಚಾಲಕನಿಗೆ ಕಾಣುವುದಿಲ್ಲ. ಮುಂದಿನ ಚಕ್ರ ಒಂದೆರಡು ಮೀಟರ್ ದೂರದಲ್ಲಿರುತ್ತದೆ. ಈ ಪದ್ಧತಿಯನ್ನು ಯಾವ ಕಾರಣಕ್ಕೂ ಅನುಸರಿಸಬಾರದು. ಭಾರಕ್ಕೆ ಸಾಕಷ್ಟು ಉದ್ದದ ನಿಯಂತ್ರಣ ಹಗ್ಗ ಕಟ್ಟಿ, ಹಿಡಿದವನು ಚಾಲಕನಿಗೆ ಕಾಣುವ ಪಕ್ಕದಲ್ಲಿ, ಚಕ್ರದ ದಾರಿಯಿಂದ ಹೊರಗೆ ನಡೆಯಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಭಾರವು ನೆಲದಿಂದ ಅರ್ಧ ಮೀಟರಿಗಿಂತ ಹೆಚ್ಚು ಮೇಲಿರದಂತೆ, ತೋಳನ್ನು ಆದಷ್ಟು ಗಿಡ್ಡ ಮಾಡಿ, ನಡಿಗೆಯ ವೇಗದಲ್ಲಿ ಚಲಿಸಬೇಕು. ಹಲವು ದೊಡ್ಡ ಯೋಜನೆಗಳು ಇಂತಹ ಯಂತ್ರಗಳನ್ನು ತಮ್ಮ ಆವರಣದಲ್ಲಿ ನಿರ್ಬಂಧಿಸಿವೆ. ಅಲ್ಲಿಂದ ಹೊರಬಿದ್ದ ಹಳೆಯ ಯಂತ್ರಗಳು ಎಲ್ಲಿಗೆ ಬರುತ್ತವೆ ಎಂಬುದನ್ನು ಮನೆ ಕಟ್ಟಿಸುವವರು ಯೋಚಿಸತಕ್ಕದ್ದು.

ವಿದ್ಯುತ್ ಮಾರ್ಗಗಳು

ಕೆಲಸದ ಸ್ಥಳದ ಮೇಲೆ ಅಥವಾ ಪಕ್ಕದಲ್ಲಿ 11 ಕಿಲೋವೋಲ್ಟ್ ಅಥವಾ ಹೆಚ್ಚಿನ ಮಾರ್ಗವಿದ್ದಲ್ಲಿ ಕ್ರೇನ್ ತರಿಸುವ ಮುನ್ನವೇ ಸಂಬಂಧಪಟ್ಟ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಿ, ಮಾರ್ಗದ ವಿದ್ಯುತ್ ನಿಲುಗಡೆ ಕೋರಬೇಕು. ಅರ್ಜಿಯಲ್ಲಿ ಸ್ಥಳದ ವಿಳಾಸ, ಹತ್ತಿರದ ಕಂಬದ ಅಥವಾ ಪರಿವರ್ತಕದ ಗುರುತು, ಕೆಲಸದ ದಿನಾಂಕ, ಬೇಕಾದ ಅವಧಿ ಮತ್ತು ಕ್ರೇನ್‌ನ ತೋಳಿನ ಉದ್ದವನ್ನು ನಮೂದಿಸಿದಲ್ಲಿ ವಿಲೇವಾರಿ ಶೀಘ್ರವಾಗುತ್ತದೆ. ಪರಿಚಯದ ಲೈನ್‌ಮನ್‌ಗೆ ದೂರವಾಣಿಯಲ್ಲಿ ಹೇಳಿ ಲೈನ್ ತೆಗೆಸುವುದು ಅನುಮತಿ ಅಲ್ಲ. ಆತನಿಗೆ ತಿಳಿಯದಂತೆ ಮತ್ತೊಂದು ಕಡೆಯಿಂದ ಮಾರ್ಗ ಚಾಲನೆಗೊಳ್ಳಬಹುದು.

ತಂತಿಯನ್ನು ಮುಟ್ಟಿದರೆ ಮಾತ್ರ ಅಪಾಯವೆಂಬುದು ಸರಿಯಲ್ಲ. ಹೆಚ್ಚಿನ ವೋಲ್ಟೇಜಿನಲ್ಲಿ ವಿದ್ಯುತ್ ಗಾಳಿಯ ಅಂತರವನ್ನು ಹಾರಬಲ್ಲದು. ಅಮೆರಿಕದ ನಿಯಮಗಳಲ್ಲಿ ಮಾರ್ಗದ ವೋಲ್ಟೇಜನ್ನು ಖಚಿತಪಡಿಸಿಕೊಳ್ಳದಿದ್ದಲ್ಲಿ 350 ಕಿಲೋವೋಲ್ಟ್‌ವರೆಗಿನ ಮಾರ್ಗಗಳಿಗೆ 20 ಅಡಿ, ಅಂದರೆ ಸುಮಾರು 6 ಮೀಟರ್ ಅಂತರವನ್ನು ಸೂಚಿಸಲಾಗಿದೆ. ತೋಳು, ಹಗ್ಗ, ತೂಗುವ ಭಾರ ಇವುಗಳಲ್ಲಿ ಯಾವುದೂ ಈ ಅಂತರದೊಳಗೆ ಬರದಂತೆ ನೋಡಿಕೊಳ್ಳುವುದು ವಿವೇಕ. ಕೊಳವೆ ಬಾವಿಯ ಮೋಟಾರ್ ಎತ್ತಿಸುವ ರೈತರು ಇದನ್ನು ವಿಶೇಷವಾಗಿ ಗಮನಿಸಬೇಕು: ಮೇಲೆ ಬರುವ ಪ್ರತಿಯೊಂದು ಪೈಪ್ 20 ಅಡಿ ಉದ್ದವಿದ್ದು, ತೋಳು ದೂರದಲ್ಲಿದ್ದರೂ ಕಳಚಿದ ಪೈಪ್ ವಾಲಿದಾಗ ಪಂಪ್‌ಸೆಟ್‌ನ ತಂತಿಗೆ ತಗಲುವ ಸಾಧ್ಯತೆ ಇದೆ.

ಕ್ರೇನ್ ತಂತಿಗೆ ತಗುಲಿದಲ್ಲಿ ಚಾಲಕನು ಕೋಣೆಯೊಳಗೇ ಇರಬೇಕು, ಸಾಧ್ಯವಾದರೆ ತೋಳನ್ನು ಹಿಂದಕ್ಕೆ ತರಬೇಕು. ಉಳಿದವರು ಕನಿಷ್ಠ 10 ಮೀಟರ್ ದೂರ ಸರಿದು, ಯಾರೂ ಯಂತ್ರವನ್ನಾಗಲೀ ಭಾರವನ್ನಾಗಲೀ ಮುಟ್ಟದೆ 1912ಕ್ಕೆ ಕರೆ ಮಾಡತಕ್ಕದ್ದು. ರಬ್ಬರ್ ಚಕ್ರಗಳಿವೆ, ಏನೂ ಆಗದು ಎಂಬ ಮಾತನ್ನು ನಂಬಬಾರದು. ಬೆಂಕಿ ಹೊತ್ತಿಕೊಂಡು ಇಳಿಯಲೇಬೇಕಾದಲ್ಲಿ ಯಂತ್ರ ಮತ್ತು ನೆಲ ಎರಡನ್ನೂ ಏಕಕಾಲಕ್ಕೆ ಮುಟ್ಟದಂತೆ, ಎರಡೂ ಪಾದ ಜೋಡಿಸಿ ಹೊರಗೆ ಹಾರಿ, ಪಾದಗಳನ್ನು ಎತ್ತದೆ ಸಣ್ಣ ಹೆಜ್ಜೆಗಳಲ್ಲಿ ಉಜ್ಜುತ್ತ ದೂರ ಹೋಗಬೇಕು. ಓಡಿದರೆ ಎರಡು ಪಾದಗಳ ನಡುವಿನ ವೋಲ್ಟೇಜ್ ವ್ಯತ್ಯಾಸವೇ ಪ್ರಾಣ ತೆಗೆಯಬಹುದು.

ಗಾಳಿ

ಗಾಳಿಯ ವೇಗ ಇಮ್ಮಡಿಯಾದಲ್ಲಿ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಛಾವಣಿಯ ತಗಡು, ಖಾಲಿ ಪ್ಲಾಸ್ಟಿಕ್ ಟ್ಯಾಂಕ್, ಜಾಹೀರಾತು ಫಲಕ ಮುಂತಾದ ತೂಕ ಕಡಿಮೆ ಇದ್ದು ಮೈ ಅಗಲವಾದ ವಸ್ತುಗಳು ಗಾಳಿಗೆ ಹಾಯಿಯಂತೆ ವರ್ತಿಸುತ್ತವೆ. ದಿನಾಂಕ 11-9-2015ರಂದು ಮೆಕ್ಕಾದಲ್ಲಿ ಬಿರುಗಾಳಿಗೆ ದೈತ್ಯ ಸಂಚಾರಿ ಕ್ರೇನ್ ಉರುಳಿ ಭಾರತೀಯ ಯಾತ್ರಿಕರೂ ಸೇರಿ ನೂರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಆಗ ಆ ಕ್ರೇನ್ ಭಾರ ಎತ್ತುತ್ತಿರಲಿಲ್ಲ. ಬಳಕೆಯಲ್ಲಿಲ್ಲದಾಗ ತೋಳನ್ನು ಕೆಳಗಿಳಿಸಬೇಕೆಂಬ ತಯಾರಕರ ಸೂಚನೆ ಪಾಲನೆಯಾಗಿರಲಿಲ್ಲವೆಂದು ತನಿಖೆಯಲ್ಲಿ ಕಂಡುಬಂದಿತು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮುಂಗಾರುಪೂರ್ವ ಗಾಳಿಮಳೆ ಹತ್ತೇ ನಿಮಿಷಗಳಲ್ಲಿ ಏಳುವುದರಿಂದ, ಎತ್ತುವ ಕೆಲಸವನ್ನು ಬೆಳಗ್ಗೆಯೇ ಮುಗಿಸುವುದು, ಊಟಕ್ಕೆ ಹೋಗುವಾಗಲೂ ತೋಳನ್ನು ಇಳಿಸಿ ಹೋಗುವುದು ಸೂಕ್ತ.

ಕೆಲಸದ ಸ್ಥಳದಲ್ಲಿ ಜನ

ಭಾರದ ಕೆಳಗೆ ಅಥವಾ ತೋಳು ತಿರುಗುವ ವೃತ್ತದೊಳಗೆ ಯಾರೂ ಇರಕೂಡದು. ಹಿಂಬದಿಯ ತೂಕದ ಗಟ್ಟಿಗೂ ಗೋಡೆಗೂ ನಡುವೆ ಕನಿಷ್ಠ 60 ಸೆಂಟಿಮೀಟರ್ ಜಾಗವಿಲ್ಲದಿದ್ದರೆ ಆ ಭಾಗವನ್ನು ಹಗ್ಗ ಕಟ್ಟಿ ಮುಚ್ಚಬೇಕು. ಸಾರ್ವಜನಿಕ ರಸ್ತೆಯ ಮೇಲೆ ಭಾರ ಹಾಯಬೇಕಿದ್ದಲ್ಲಿ ಸಂಚಾರ ಪೊಲೀಸರ ಅನುಮತಿ ಪಡೆದು ರಸ್ತೆ ಮುಚ್ಚಿಸಬೇಕು. ದಿನಾಂಕ 10-1-2023ರಂದು ಬೆಂಗಳೂರಿನ ನಾಗವಾರ ಬಳಿ ಮೆಟ್ರೋ ಕಂಬದ ಕಂಬಿಯ ಚೌಕಟ್ಟು ರಸ್ತೆಗೆ ಬಿದ್ದು, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಮಗು ಮೃತಪಟ್ಟರು. ಅದು ಕ್ರೇನ್ ಉರುಳಿದ ಪ್ರಕರಣವಲ್ಲವಾದರೂ, ಕೆಲಸದ ಎತ್ತರದಷ್ಟು ದೂರದವರೆಗೂ ಅಪಾಯದ ವಲಯವಿರುತ್ತದೆ ಎಂಬುದಕ್ಕೆ ನಿದರ್ಶನ.

ಸಂಕೇತ ನೀಡಲು ಒಬ್ಬನೇ ವ್ಯಕ್ತಿಯನ್ನು ನೇಮಿಸಬೇಕು. ಚಾಲಕನು ಅವನ ಸಂಕೇತವನ್ನು ಮಾತ್ರ ಪಾಲಿಸಬೇಕು. "ನಿಲ್ಲಿಸು" ಎಂಬ ಸಂಕೇತವನ್ನು ಮಾತ್ರ ಯಾರು ಕೊಟ್ಟರೂ ನಿಲ್ಲಿಸತಕ್ಕದ್ದು. ಚಾಲಕ ಬಿಹಾರದವನು, ಸಂಕೇತಗಾರ ರಾಯಚೂರಿನವನು, ಮೇಸ್ತ್ರಿ ತಮಿಳು ಮಾತನಾಡುವವನು ಆಗಿರುವುದು ಬೆಂಗಳೂರಿನ ಕಾಮಗಾರಿಗಳಲ್ಲಿ ಸಾಮಾನ್ಯ. ಕೂಗಿ ಹೇಳಿದ್ದು ತಪ್ಪಾಗಿ ಅರ್ಥವಾಗುವುದರಿಂದ, ಕೈ ಸನ್ನೆಗಳನ್ನು ಕೆಲಸಕ್ಕೆ ಮೊದಲೇ ಮೂವರೂ ಒಮ್ಮೆ ಮಾಡಿ ತೋರಿಸಿಕೊಳ್ಳಬೇಕು. 18 ವರ್ಷ ತುಂಬದವರು ಕ್ರೇನ್ ನಡೆಸುವುದಾಗಲೀ ಸಂಕೇತ ನೀಡುವುದಾಗಲೀ ನಿಷಿದ್ಧ.

ಕೊಕ್ಕೆಗೆ ತೂಗುಹಾಕಿದ ಬುಟ್ಟಿ ಅಥವಾ ಹಲಗೆಯಲ್ಲಿ ಜನರನ್ನು ಎತ್ತಬಾರದು. ತಮಿಳುನಾಡಿನ ಅರಕ್ಕೋಣಂ ಬಳಿ ದಿನಾಂಕ 22-1-2023ರಂದು ದೇವಸ್ಥಾನದ ಉತ್ಸವದಲ್ಲಿ ಜನರು ಏರಿದ್ದ ಕ್ರೇನ್ ಉರುಳಿ ನಾಲ್ವರು ಮೃತಪಟ್ಟರು. ನಮ್ಮಲ್ಲಿಯೂ ಮೆರವಣಿಗೆಗಳಲ್ಲಿ ಕ್ರೇನ್ ಮೂಲಕ ಸೇಬಿನ ಹಾರ ಹಾಕುವ ಪರಿಪಾಠ ಬೆಳೆದಿದೆ. ಜನಸಂದಣಿಯ ಮೇಲೆ ತೋಳು ಚಾಚಿ ಭಾರ ತೂಗಿಸುವುದನ್ನು ನಿರ್ಮಾಣ ಸ್ಥಳದಲ್ಲಿ ಯಾವ ಮೇಲ್ವಿಚಾರಕನೂ ಒಪ್ಪಲಾರ.

ಬಾಡಿಗೆಗೆ ಪಡೆಯುವಾಗ ಕೇಳಬೇಕಾದ ದಾಖಲೆಗಳು

ವಾಹನದ ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮೆ, ಚಾಲಕನ ಪರವಾನಗಿ ಇವುಗಳ ಜೊತೆಗೆ ಸಕ್ಷಮ ವ್ಯಕ್ತಿಯು ನೀಡಿದ ಪರೀಕ್ಷಾ ಪ್ರಮಾಣಪತ್ರವನ್ನೂ ಕೇಳಬೇಕು. 1998ರ ಕೇಂದ್ರ ನಿಯಮಗಳು ನಿಗದಿಪಡಿಸಿದ ಪದ್ಧತಿಯಂತೆ ಎತ್ತುವ ಯಂತ್ರಗಳನ್ನು ಐದು ವರ್ಷಗಳಿಗೊಮ್ಮೆ ಭಾರ ಹೇರಿ ಪರೀಕ್ಷಿಸಬೇಕು ಹಾಗೂ ಹನ್ನೆರಡು ತಿಂಗಳಿಗೊಮ್ಮೆ ಕೂಲಂಕಷವಾಗಿ ತಪಾಸಣೆ ಮಾಡಬೇಕು. ಪ್ರಮಾಣಪತ್ರದಲ್ಲಿನ ಯಂತ್ರದ ಸಂಖ್ಯೆ ಮತ್ತು ಬಂದಿರುವ ಯಂತ್ರದ ಸಂಖ್ಯೆ ಒಂದೇ ಆಗಿದೆಯೇ ಎಂದು ತಾಳೆ ನೋಡಬೇಕು. ಒಂದೇ ಪ್ರಮಾಣಪತ್ರದ ನಕಲು ಹಲವು ಯಂತ್ರಗಳೊಂದಿಗೆ ಓಡಾಡುವುದುಂಟು. ವಿಮೆಯು ರಸ್ತೆ ಅಪಘಾತಕ್ಕೆ ಮಾತ್ರವೇ ಅಥವಾ ಭಾರ ಎತ್ತುವಾಗ ಆಗುವ ಹಾನಿಗೂ ಅನ್ವಯಿಸುವುದೇ ಎಂಬುದನ್ನು ಪಾಲಿಸಿಯ ಷರತ್ತುಗಳಲ್ಲಿ ನೋಡಿಕೊಳ್ಳತಕ್ಕದ್ದು. ಗಂಟೆಯ ಬಾಡಿಗೆ ಉಳಿಸಲು ಕತ್ತಲಾದ ಮೇಲೂ ಕೆಲಸ ಮುಂದುವರಿಸುವಂತೆ ಚಾಲಕನನ್ನು ಒತ್ತಾಯಿಸಬಾರದು.

ಅಪಘಾತ ಸಂಭವಿಸಿದಲ್ಲಿ

ತುರ್ತು ಸಹಾಯಕ್ಕಾಗಿ 112ಕ್ಕೆ ಕರೆ ಮಾಡಬೇಕು. ಗಾಯಾಳುಗಳನ್ನು ಹೊರತೆಗೆಯುವ ಉದ್ದೇಶದ ಹೊರತು ಯಂತ್ರವನ್ನು ಸ್ಥಳಾಂತರಿಸಬಾರದು. ಪೊಲೀಸ್ ಠಾಣೆಗೆ ಹಾಗೂ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ತಿಳಿಸಬೇಕು. ಕಾರ್ಮಿಕ ಸಹಾಯವಾಣಿ 155214ರಲ್ಲಿಯೂ ಮಾಹಿತಿ ಪಡೆಯಬಹುದು.

ಕ್ರೇನ್ ಚಾಲಕರು, ಸಂಕೇತಗಾರರು, ಸ್ಲಿಂಗ್ ಕಟ್ಟುವವರು ಸಹ ನಿರ್ಮಾಣ ಕಾರ್ಮಿಕರೇ ಆಗಿದ್ದು, 18ರಿಂದ 60 ವರ್ಷದೊಳಗಿನವರು ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ಇಂತಹ ಕೆಲಸ ಮಾಡಿದ್ದಲ್ಲಿ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಅರ್ಹರು. ಅಪಘಾತ ಸಂಭವಿಸುವವರೆಗೆ ಕಾಯದೆ ಮೊದಲೇ ನೋಂದಣಿ ಮಾಡಿಸಿಕೊಳ್ಳುವುದು ಸೂಕ್ತ. ಮಂಡಳಿಯ ಸಹಾಯಧನ ಮತ್ತು ಉದ್ಯೋಗದಾತರಿಂದ ಬರಬೇಕಾದ ಪರಿಹಾರ ಬೇರೆ ಬೇರೆಯಾಗಿದ್ದು, ಒಂದನ್ನು ಪಡೆದವರು ಮತ್ತೊಂದಕ್ಕೂ ಅರ್ಜಿ ಸಲ್ಲಿಸಬಹುದು. ಪ್ರಥಮ ವರ್ತಮಾನ ವರದಿ, ಆಸ್ಪತ್ರೆಯ ಚಿಕಿತ್ಸಾ ದಾಖಲೆಗಳು, ಮರಣ ಸಂಭವಿಸಿದ್ದಲ್ಲಿ ಶವಪರೀಕ್ಷಾ ವರದಿ, ನೋಂದಣಿ ಗುರುತಿನ ಚೀಟಿ, ವೇತನ ಪಾವತಿಯ ಯಾವುದೇ ಪುರಾವೆ ಹಾಗೂ ಕ್ರೇನ್‌ನ ಬಾಡಿಗೆ ರಸೀದಿಯ ಪ್ರತಿಗಳನ್ನು ಎರಡೆರಡು ಇಟ್ಟುಕೊಳ್ಳತಕ್ಕದ್ದು. ಬಾಡಿಗೆ ರಸೀದಿ ಇಲ್ಲದಿದ್ದಲ್ಲಿ ಕ್ರೇನ್ ಯಾರ ಸುಪರ್ದಿಯಲ್ಲಿತ್ತು ಎಂಬುದನ್ನು ಸಾಬೀತುಪಡಿಸುವುದು ಕಷ್ಟವಾಗುವುದರಿಂದ, ಹಣ ನಗದಾಗಿ ಕೊಟ್ಟರೂ ವಾಹನದ ಸಂಖ್ಯೆ ನಮೂದಿಸಿದ ರಸೀದಿಯನ್ನು ಕೇಳಿ ಪಡೆಯಲು ಕೋರಲಾಗಿದೆ.